ಬೇಡ ಅನ್ನಲು ಬರುವ ಒಂದು ವಾಕ್ಯ

ಮೂರು ವರ್ಷದ ಹಿಂದೆ ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಗಲ್ಲಿಯ ದರ್ಜಿಯ ಮುಂದೆ ಎರಡೂವರೆ ಮೀಟರ್ ಬಟ್ಟೆ ಇಟ್ಟು, ‘ಸಿಂಪಲ್ ಆಗಿ ಹೊಲಿದುಕೊಡಿ’ ಎಂದಿದ್ದೆ. ವಾರ ಬಿಟ್ಟು ಹೋದರೆ ಕುರ್ತಾದ ಕತ್ತಿಗೆ ಲೇಸು, ತೋಳಿಗೆ ಮೂರು ಗುಂಡಿ, ಬೆನ್ನಿಗೆ ಎರಡು ದಾರ, ದಾರದ ತುದಿಗೆ ಗೊಂಡೆ. ‘ಇದು ಸಿಂಪಲ್ಲಾ?’ ಎಂದು ಕೇಳಿದ್ದಕ್ಕೆ ಪಾಪ ಅವರು ನಿಜಕ್ಕೂ ನೊಂದುಕೊಂಡರು. ಅವರ ಅಂಗಡಿಯಲ್ಲಿ ನೇತುಹಾಕಿದ್ದ ಉಳಿದ ಬಟ್ಟೆಗಳನ್ನು ನೋಡಿದ ಮೇಲೆ ನನಗೂ ಅರ್ಥವಾಯಿತು. ಅಲ್ಲಿದ್ದದ್ದರಲ್ಲಿ ಎಲ್ಲಕ್ಕಿಂತ ಸಿಂಪಲ್ ನನ್ನದೇ. ನಾನು ಅವರಿಗೆ ಏನನ್ನೂ ಹೇಳಿರಲಿಲ್ಲ. ಹೇಳಿದ್ದೇನೆ ಅಂದುಕೊಂಡಿದ್ದೆ, ಅಷ್ಟೆ.

ಆಮೇಲೆ ನನ್ನ ಉಡುಗೆಯ ರೀತಿಯನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಂಡೆ. ಬಿಲ್ಡಿಂಗಿನ ನಾಲ್ಕೈದು ಮಂದಿ ಕನ್ನಡದವರಿಗೂ ಬರೆಸಿದೆ. ಮುಂಬಯಿಯಲ್ಲಿ ಇದು ಬರೀ ಷೋಕಿಯ ವಿಷಯವೂ ಅಲ್ಲ. ನಾಲ್ಕು ಜನರ ಸಂಸಾರಕ್ಕೆ ಎರಡು ಬಾಗಿಲಿನ ಒಂದು ಕಪಾಟು, ಮಂಚದ ಕೆಳಗೊಂದು ಟ್ರಂಕು. ಒಂದು ಸೀರೆ ಒಳಗೆ ಬಂದರೆ ಇನ್ನೊಂದು ಹೊರಗೆ ಹೋಗಲೇಬೇಕು. ಯಾವುದು ಬರಬೇಕು, ಯಾವುದು ಹೋಗಬೇಕು ಅನ್ನುವುದನ್ನು ಅಂಗಡಿಯವನ ಮಾತಿನ ಭರದಲ್ಲಿ ತೀರ್ಮಾನಿಸಲು ಆಗುವುದಿಲ್ಲ. ಮೊದಲೇ ಬರೆದಿಟ್ಟ ವಾಕ್ಯ ಬೇಕು.

ವಾಕ್ಯ ಚೆನ್ನಾಗಿದೆಯೋ ಇಲ್ಲವೋ ಎಂದು ನೋಡಲು ನನ್ನದು ಒಂದೇ ಅಳತೆ. ಅದು ಏನನ್ನಾದರೂ ‘ಬೇಡ’ ಅನ್ನಬೇಕು. ‘ನನ್ನದು ಸರಳ, ಸುಂದರ, ಆಧುನಿಕವಾದರೂ ಸಾಂಪ್ರದಾಯಿಕ ಶೈಲಿ’ ಎಂಬ ವಾಕ್ಯ ಮಂಗಳದಾಸ್ ಮಾರ್ಕೆಟ್ಟಿನ ಇಡೀ ಬಟ್ಟೆಯನ್ನು ಮನೆಗೆ ಕರೆಯುತ್ತದೆ. ಅಂಥದ್ದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಮೊದಲು ಇಸ್ತ್ರಿಯವನ ಲೆಕ್ಕ

ಕಪಾಟು ತೆರೆದು ಕೂರಬೇಡಿ. ಕಪಾಟು ಸುಳ್ಳು ಹೇಳುತ್ತದೆ. ಅದರಲ್ಲಿ ಇರುವುದು ನೀವು ಉಡಬೇಕು ಎಂದುಕೊಂಡದ್ದು, ಅತ್ತಿಗೆ ಕೊಟ್ಟದ್ದು, ಗೃಹಪ್ರವೇಶದಲ್ಲಿ ಬಂದದ್ದು, ಐದು ಕಿಲೋ ಇಳಿದ ಮೇಲೆ ಹಾಕಿಕೊಳ್ಳೋಣ ಎಂದು ಎತ್ತಿಟ್ಟದ್ದು. ನಿಜ ಹೇಳುವುದು ಬಟ್ಟೆ ಒಣಗಿಸುವ ದಾರ. ಅದಕ್ಕಿಂತ ಹೆಚ್ಚು ನಿಜ ಹೇಳುವುದು ಇಸ್ತ್ರಿಯವನು ಎಣಿಸಿಕೊಂಡು ಹೋಗುವ ಗಂಟು. ಬಾಗಿಲಲ್ಲಿ ನಿಂತು ಅವನು ‘ಸಾತ್ ಕಪಡಾ’ ಎನ್ನುವಾಗ ನೀವೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಎರಡು ವಾರ ಸಾಕು. ಹಬ್ಬ, ಮುಂಜಿ, ಮದುವೆ ಬರುವ ವಾರ ಬೇಡ. ಇಸ್ತ್ರಿಗೇ ಹಾಕದವರು ದಾರದಲ್ಲಿ ತೂಗುವುದನ್ನು ಬರೆಯಿರಿ.

ಬರೆಯುವಾಗ ‘ಕುರ್ತಾ’ ಎಂದಷ್ಟೇ ಬರೆದರೆ ಉಪಯೋಗವಿಲ್ಲ. ‘ಮೊಣಕಾಲಿನ ಕೆಳಗೆ ಬರುವ, ಬಲಗಡೆ ಜೇಬಿರುವ, ಕಡುನೀಲಿ ಹತ್ತಿ ಕುರ್ತಾ’ ಎಂದು ಬರೆಯಿರಿ. ಬಣ್ಣ, ಬಟ್ಟೆ, ಉದ್ದ, ಜೇಬು, ಕತ್ತು. ನನ್ನ ಚೀಟಿಯಲ್ಲಿ ಎರಡು ವಾರಕ್ಕೆ 22 ಬಟ್ಟೆ ಬಂದವು. ಅದರಲ್ಲಿ 13 ನೀಲಿ ಅಥವಾ ಬೂದು. ನಾನೋ, ಯಾರು ಕೇಳಿದರೂ ನನ್ನ ಬಣ್ಣ ಹಳದಿ ಎಂದು ಹೇಳಿಕೊಂಡು ಬಂದವಳು! ಹಳದಿ ಸೀರೆಗಳು ಕಪಾಟಿನಲ್ಲಿ ಏಳಿದ್ದವು. ಎರಡು ವಾರದಲ್ಲಿ ಒಂದೂ ಇಸ್ತ್ರಿಗೆ ಹೋಗಿರಲಿಲ್ಲ.

ಗಂಡಸರು ಈ ಹಂತದಲ್ಲೇ ಜಾರಿಕೊಳ್ಳುತ್ತಾರೆ. ‘ನಂದೇನ್ ಸ್ಟೈಲು, ಕೈಗೆ ಸಿಕ್ಕಿದ್ದು ಹಾಕ್ಕೊಂಡು ಹೋಗೋದು’ ಎನ್ನುತ್ತಾರೆ. ಕೈಗೆ ಸಿಗುವಂತೆ ಮೇಲಿನ ಹಲಗೆಯಲ್ಲಿ ಇಟ್ಟವರು ಯಾರು ಎಂದು ಕೇಳಿ ನೋಡಿ. ಚೀಟಿ ಅವರೂ ಬರೆಯಲಿ. ನಮ್ಮ ಮನೆಯವರ ಚೀಟಿಯಲ್ಲಿ ಒಂದೇ ಥರದ ಸಣ್ಣ ಚೌಕುಳಿಯ ಅಂಗಿ ಒಂಬತ್ತು ಸಲ ಬಂತು. ಅದು ಮೂರು ಅಂಗಿ, ಒಂಬತ್ತು ಸಲ. ಇಷ್ಟು ನಿಷ್ಠೆ ಇರುವ ಮನುಷ್ಯನಿಗೆ ಶೈಲಿ ಇಲ್ಲ ಎಂದರೆ ಯಾರು ನಂಬುತ್ತಾರೆ?

ಆಮೇಲೆ ದಾದರ್ ಸೇತುವೆ

ಇನ್ನು ಎರಡನೆಯದು. ನಿಮ್ಮನ್ನು ಯಾವತ್ತೂ ನೋಡದವರೊಬ್ಬರು ಊರಿಂದ ಬರುತ್ತಿದ್ದಾರೆ, ಸಂಜೆ ಆರೂವರೆಗೆ ದಾದರ್ ಸ್ಟೇಷನ್ನಿನ ಸೇತುವೆ ಮೇಲೆ ಸಿಗಬೇಕು, ಮೊಬೈಲ್ ಕೈಕೊಟ್ಟಿದೆ ಎಂದುಕೊಳ್ಳಿ. ಪಶ್ಚಿಮ ರೈಲ್ವೆಯವರು ಮಧ್ಯ ರೈಲ್ವೆಗೆ, ಮಧ್ಯ ರೈಲ್ವೆಯವರು ಪಶ್ಚಿಮಕ್ಕೆ ಹರಿಯುವ ಹೊತ್ತು. ನಿಮ್ಮನ್ನು ಗುರುತು ಹಿಡಿಯಲು ಅವರಿಗೆ ಏನು ಹೇಳಿಕಳಿಸುತ್ತೀರಿ? ‘ನಾನು ಎಲಿಗೆಂಟ್ ಆಗಿರುತ್ತೇನೆ’ ಎಂದರೆ ರಾತ್ರಿ ಹತ್ತಾದರೂ ಅವರು ಸಿಗುವುದಿಲ್ಲ. ‘ಕಂದು ಬಣ್ಣದ ದೊಡ್ಡ ಬಟ್ಟೆಚೀಲ, ಬಿಳಿ ಕೂದಲು ಬಾಬ್ ಕಟ್, ಹತ್ತಿ ಸೀರೆಗೆ ಷರ್ಟಿನ ಕಾಲರಿರುವ ರವಿಕೆ’ ಎಂದರೆ ಆ ಜಾತ್ರೆಯಲ್ಲೂ ಎರಡೇ ನಿಮಿಷ.

ಇದನ್ನು ನೀವೇ ಬರೆಯುವುದಕ್ಕಿಂತ ಬೇರೆಯವರಿಂದ ಕೇಳಿ ತಿಳಿಯುವುದು ಮೇಲು. ದಿನಾ ಒಂದೇ ರೈಲು ಡಬ್ಬಿಯಲ್ಲಿ ಬರುವ ಗೆಳತಿ, ಆಫೀಸಿನ ವಾಚ್‌ಮನ್, ಸಂಘದ ಕಾರ್ಯಕ್ರಮದಲ್ಲಿ ಪಕ್ಕ ಕೂರುವವರು. ‘ನಾನು ಬರದ ದಿನ ನನ್ನ ಬಗ್ಗೆ ಯಾರಿಗಾದರೂ ಹೇಳಬೇಕಾದರೆ ಹೇಗೆ ಹೇಳುತ್ತೀರಿ?’ ಎಂದು ಕೇಳಿ. ನಮ್ಮವರು ಈ ವಿಷಯದಲ್ಲಿ ನಿರ್ದಾಕ್ಷಿಣ್ಯ. ‘ಕೊಡೆ ಬಿಡದ ಅಕ್ಕ’, ‘ಸೀರೆ ಮೇಲೆ ಸ್ಪೋರ್ಟ್ಸ್ ಶೂ ಹಾಕುವವರು’, ‘ಆ ಖಾದಿ ಜುಬ್ಬಾದ ಮಾಸ್ತರು’. ಸಿಟ್ಟು ಮಾಡಿಕೊಳ್ಳದೆ ಬರೆದುಕೊಳ್ಳಿ. ನನ್ನ ರೈಲಿನ ಗೆಳತಿ ಹೇಳಿದ್ದು, ‘ಯಾವತ್ತೂ ಜೇಬಿರೋ ಬಟ್ಟೆ ಹಾಕಿ, ಜೇಬಿನಲ್ಲಿ ಪಾಸು ಇಡೋಳು.’ ನನ್ನ ವಾಕ್ಯದ ಅರ್ಧ ಅಲ್ಲೇ ಸಿಕ್ಕಿತು.

ಹೀಗೆ ಒಂದು ವಾಕ್ಯದಲ್ಲಿ ನೆನಪಿಗೆ ಬರುವ ಇಬ್ಬರು ಈ ಊರಿನಲ್ಲೇ ಇದ್ದರು, ಇಬ್ಬರೂ ಕರ್ನಾಟಕದಿಂದ ಬಂದವರು. ಮಂಗಳೂರಿನಿಂದ 1949ರಲ್ಲಿ ಮುಂಬಯಿಗೆ ಬಂದ ಜಾರ್ಜ್ ಫರ್ನಾಂಡಿಸ್ ಎಂದರೆ ಸುಕ್ಕುಗಟ್ಟಿದ ಖಾದಿ ಕುರ್ತಾ, ಪೈಜಾಮ. 1967ರ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಸ.ಕಾ. ಪಾಟೀಲರನ್ನು ಸೋಲಿಸಿದ ಕಾಲದ ನೆನಪಿನಲ್ಲೂ, ಮುಂದೆ ರಕ್ಷಣಾ ಸಚಿವರಾದಾಗಿನ ಚಿತ್ರಗಳಲ್ಲೂ ಆ ಕುರ್ತಾ ಇಸ್ತ್ರಿ ಕಂಡಂತಿಲ್ಲ. ಇನ್ನೊಬ್ಬರು ಮೈಸೂರಿನ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್. ಅವರ ಮಾತು ಬಿಡಿ, ಅವರು ಬರೆದ ಶ್ರೀಸಾಮಾನ್ಯನನ್ನು ನೋಡಿ: ಚೌಕುಳಿ ಕೋಟು, ಧೋತ್ರ, ಕನ್ನಡಕ, ಬೋಳುತಲೆಯ ಸುತ್ತ ಒಂದಿಷ್ಟು ಬಿಳಿ ಕೂದಲು. ಐವತ್ತರ ದಶಕದಿಂದ ಶುರುವಾದ ಆ ಮನುಷ್ಯ ಒಂದು ಮಾತೂ ಆಡದೆ ದಶಕಗಳ ಕಾಲ ಅದೇ ಕೋಟಿನಲ್ಲಿ ನಿಂತ. ವರಳಿ ಸಮುದ್ರದಂಡೆಯಲ್ಲಿ ಅವನ ಪ್ರತಿಮೆ ಇದೆ. ಬಣ್ಣವಿಲ್ಲದ ಲೋಹದಲ್ಲೂ ಕೋಟಿನ ಚೌಕುಳಿ ಗೊತ್ತಾಗುತ್ತದೆ. ಚೌಕುಳಿ ತೆಗೆದರೆ ಅವನು ಬರೀ ಒಬ್ಬ ಮುದುಕ. ಇಂಥ ಒಂದು ಗುರುತು ನಿಮ್ಮಲ್ಲೂ ಇರುತ್ತದೆ, ತೆಗೆದರೆ ನೀವು ಯಾರೋ ಆಗಿಬಿಡುವಂಥದ್ದು. ಚೀಟಿಯಲ್ಲಿ ಅದರ ಕೆಳಗೆ ಗೆರೆ ಎಳೆಯಿರಿ.

ಕ್ರಿಯಾಪದದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ

ಇಷ್ಟು ಹೊತ್ತಿಗೆ ಕೈಯಲ್ಲಿ ಒಂದಿಷ್ಟು ನಾಮಪದಗಳಿರುತ್ತವೆ. ವಾಕ್ಯವಾಗಲು ಕ್ರಿಯಾಪದ ಬೇಕು. ಇಲ್ಲಿ ಕನ್ನಡದವರಿಗೆ ಒಂದು ಅನುಕೂಲವಿದೆ, ನಾವೇ ಅದನ್ನು ಮರೆಯುತ್ತ ಬಂದಿದ್ದೇವೆ. ಹಿಂದಿಯಲ್ಲಿ ಹೆಚ್ಚಿನದಕ್ಕೆಲ್ಲ ‘ಪೆಹನ್‌ನಾ’ ಒಂದೇ ಸಾಕು. ಮರಾಠಿಯವರು ಸೀರೆಗೆ ‘ನೇಸಣೆ’ ಎಂದು ಬೇರೆ ಮಾಡುತ್ತಾರೆ. ನಮ್ಮಲ್ಲಿ ಸೀರೆ, ಪಂಚೆ ಉಡುತ್ತೇವೆ, ರವಿಕೆ, ಅಂಗಿ, ಬಳೆ ತೊಡುತ್ತೇವೆ, ಶಾಲು ಹೊದೆಯುತ್ತೇವೆ, ರುಮಾಲು ಸುತ್ತುತ್ತೇವೆ, ಹೂ ಮುಡಿಯುತ್ತೇವೆ, ಕುಂಕುಮ ಇಡುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ಈಗ ಮುಂಬಯಿಯ ನಮ್ಮ ಮಕ್ಕಳ ಬಾಯಲ್ಲಿ ಎಲ್ಲವೂ ‘ಹಾಕ್ಕೊಳ್ಳೋದು’ ಆಗಿದೆ. ಸೀರೆ ಹಾಕ್ಕೊಳ್ಳೋದು, ಹೂ ಹಾಕ್ಕೊಳ್ಳೋದು. ನಾನು ತಿದ್ದುವುದನ್ನು ಬಿಟ್ಟಿದ್ದೇನೆ, ಆದರೆ ಈ ವಾಕ್ಯ ಬರೆಯುವಾಗ ಮಾತ್ರ ಬಿಡುವುದಿಲ್ಲ.

ಯಾಕೆಂದರೆ ನಿಮ್ಮ ಚೀಟಿಯ ಒಂದೊಂದು ವಸ್ತುವಿನ ಮುಂದೆ ಅದರ ಕ್ರಿಯಾಪದ ಬರೆದು ನೋಡಿದರೆ ಒಂದು ವಿಷಯ ಹೊರಬರುತ್ತದೆ. ಉಡು, ಹೊದೆ, ಸುತ್ತು ಹೆಚ್ಚು ಬಂದವರಿಗೆ ಮೈಮೇಲೆ ಸಡಿಲವಾಗಿ ಬೀಳುವ ಬಟ್ಟೆ ಹಿತ. ಅವರು ಜೀನ್ಸ್ ಹಾಕಿದರೂ ಮೇಲೊಂದು ದುಪಟ್ಟಾ ಇದ್ದೇ ಇರುತ್ತದೆ. ತೊಡು ಹೆಚ್ಚು ಬಂದವರಿಗೆ ಹೊಲಿದದ್ದು, ಅಳತೆಗೆ ಸರಿಯಾಗಿ ಕೂರುವುದು ಬೇಕು. ಇವರು ದುಡ್ಡನ್ನು ಬಟ್ಟೆಗಿಂತ ದರ್ಜಿಗೆ ಸುರಿದರೆ ಲಾಭ. ಮುಡಿ, ಇಡು, ಮೆಟ್ಟು ಎದ್ದು ಕಂಡವರ ಶೈಲಿ ಬಟ್ಟೆಯಲ್ಲೇ ಇಲ್ಲ, ಅಂಚುಗಳಲ್ಲಿದೆ. ನಮ್ಮ ಮೂರನೇ ಮಹಡಿಯ ಕುಂದಾಪುರದ ಅಕ್ಕ ಹೀಗೆ. ಉಡುವುದು ಯಾವ ಸೀರೆಯಾದರೂ ಆದೀತು, ಶುಕ್ರವಾರ ಮಾಟುಂಗದ ಹೂವಿನ ಅಂಗಡಿಯಿಂದ ಊರಿನ ಮಲ್ಲಿಗೆಯ ಚೆಂಡು ಬರದಿದ್ದರೆ ಅವರಿಗೆ ಉಟ್ಟಂತೆಯೇ ಅಲ್ಲ. ಅವರ ವಾಕ್ಯ: ‘ಬಣ್ಣಕ್ಕೆ ಬಣ್ಣ ಹೊಂದಿಸುವ ಗೋಜಿಲ್ಲದೆ ತೆಳು ಸೀರೆ ಉಟ್ಟು, ತಲೆ ತುಂಬ ಮಲ್ಲಿಗೆ ಮುಡಿಯುತ್ತೇನೆ.’ ಇದನ್ನು ಬರೆದ ಮೇಲೆ ಅವರು ಮ್ಯಾಚಿಂಗ್ ರವಿಕೆಗೆ ಅಲೆಯುವುದನ್ನು ನಿಲ್ಲಿಸಿದರು. ಕಪ್ಪು, ಕೆಂಪು, ಚಿನ್ನದ ಬಣ್ಣದ ಮೂರು ರವಿಕೆಗಳಲ್ಲೇ ವರ್ಷ ಕಳೆಯಿತು.

ಕ್ರಿಯಾಪದವನ್ನು ನಕಾರದಲ್ಲೂ ಬರೆಯಬಹುದು. ‘ತೊಡುವುದಿಲ್ಲ’, ‘ಉಡಲಾರೆ’, ‘ಒಲ್ಲೆ’. ಮೂರಕ್ಕೂ ಬೇರೆ ಬೇರೆ ಬಿಗುವಿದೆ. ಧಾರವಾಡ ಕಡೆಯವರು ‘ಒಲ್ಲೆ’ ಎಂದೇ ಬರೆಯಿರಿ, ಅದಕ್ಕಿಂತ ಗಟ್ಟಿಯಾದ ಮಾತು ನನಗೆ ಗೊತ್ತಿಲ್ಲ.

ಹೆಸರಿಟ್ಟು ಕರೆಯಿರಿ

ಅಮೆರಿಕದ ಸ್ಟೈಲಿಸ್ಟ್ ಆಲಿಸನ್ ಬಾರ್ನ್‌ಸ್ಟೈನ್ ಜನಪ್ರಿಯಗೊಳಿಸಿದ ಮೂರು ಪದಗಳ ವಿಧಾನವೊಂದಿದೆ. ನೀವು ಈಗ ಉಡುತ್ತಿರುವುದಕ್ಕೆ ಒಂದು ಪದ, ಆಗಬೇಕೆಂದಿರುವುದಕ್ಕೆ ಒಂದು, ಉಟ್ಟಾಗ ಮನಸ್ಸಿಗೆ ಹೇಗನಿಸಬೇಕು ಎನ್ನುವುದಕ್ಕೆ ಒಂದು. ಶುರುಮಾಡಲು ಒಳ್ಳೆಯದು. ನನಗೆ ಬಂದ ಮೂರು ಪದ: ನೀಲಿ, ಕೈಮಗ್ಗ, ನಿರಾಳ. ಆದರೆ ಪದಗಳನ್ನು ಪಕ್ಕಪಕ್ಕ ಇಟ್ಟರೆ ಅವು ಒಂದಕ್ಕೊಂದು ಜಗಳವಾಡುವುದು ಕಾಣುವುದಿಲ್ಲ. ವಾಕ್ಯ ಮಾಡಲು ಹೊರಟಾಗಲೇ ‘ಆದರೂ’, ‘ಅದಕ್ಕಾಗಿ’, ‘ಬಿಟ್ಟು’ ಎಂಬ ಕೀಲುಗಳು ಬೇಕಾಗುತ್ತವೆ. ಆಗ ಯಾವುದು ಮುಖ್ಯ, ಯಾವುದು ಅಲ್ಲ ಎಂದು ತೀರ್ಮಾನಿಸಲೇಬೇಕು.

ಗುಣವಾಚಕಗಳಲ್ಲಿ ಕೆಲವನ್ನು ನಾನು ಮನೆಯಲ್ಲಿ ನಿಷೇಧಿಸಿದ್ದೇನೆ: ಸಿಂಪಲ್, ಕ್ಲಾಸಿಕ್, ಡೀಸೆಂಟ್, ಎಥ್ನಿಕ್, ಟ್ರೆಂಡಿ. ಇವುಗಳ ಜಾಗದಲ್ಲಿ ನೇಯ್ಗೆಯ ಹೆಸರು ಹಾಕಿ. ‘ಎಥ್ನಿಕ್’ ಬದಲು ‘ಇಳಕಲ್’ ಎಂದರೆ ಹತ್ತಿಯ ಒಡಲು, ರೇಷ್ಮೆ ಸೆರಗು, ಎರಡನ್ನೂ ಹಾಸಿನಲ್ಲಿ ಕೊಂಡಿ ಹಾಕಿ ಕೂಡಿಸಿದ ಕಸುಬು, ಎಲ್ಲ ಒಂದೇ ಮಾತಿನಲ್ಲಿ ಬಂತು. ‘ಡಿಸೈನರ್ ಬ್ಲೌಸ್’ ಬದಲು ‘ಗುಳೇದಗುಡ್ಡದ ಖಣ’. ಮಹಾರಾಷ್ಟ್ರದ ಹೆಂಗಸರು ತಮ್ಮದೇ ಎನ್ನುವಷ್ಟು ಪ್ರೀತಿಯಿಂದ ತೊಡುವ ಖಣ ನೇಯುವುದು ಬಾಗಲಕೋಟೆ ಜಿಲ್ಲೆಯಲ್ಲಿ. ದಾದರಿನ ಅಂಗಡಿಯಲ್ಲಿ ಖಣ ಎಂದು ಕೇಳಿದರೆ ನಿಮ್ಮ ಉಚ್ಚಾರಕ್ಕೆ ಯಾರೂ ತಿರುಗಿ ನೋಡುವುದಿಲ್ಲ. ‘ಎಂಬ್ರಾಯ್ಡರಿ’ ಬದಲು ‘ಕಸೂತಿ’, ಅದರಲ್ಲೂ ಗವಂತಿಯೋ, ಮುರಗಿಯೋ, ನೇಗಿಯೋ, ಮೆಂತೆಯೋ ಹೇಳಿದರೆ ಇನ್ನೂ ಒಳ್ಳೆಯದು. ಗವಂತಿ ಎಂದರೆ ಬಟ್ಟೆಯ ಎರಡೂ ಮಗ್ಗುಲಿಗೆ ಒಂದೇ ಚಿತ್ರ ಕಾಣುವ ಹೊಲಿಗೆ. ಹಿಂಬದಿ ಸುರುಟಿಕೊಂಡಿದ್ದರೆ ಅದು ಗವಂತಿಯಲ್ಲ ಎಂದು ಬೇಡ ಅನ್ನಬಹುದು.

ಚಪ್ಪಲಿಗೂ ಅಷ್ಟೆ. ‘ಕೊಲ್ಹಾಪುರಿ’ ಎಂದು ಬರೆಯುವಾಗ ನಾಚಿಕೆ ಬೇಡ. ಅದಕ್ಕೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಇವೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಅಂಥದೇ ಚಪ್ಪಲಿ ತೋರಿಸಿ, ಗಲಾಟೆಯಾದ ಮೇಲೆ ಅದು ಭಾರತದ ಕುಶಲಕಲೆಯಿಂದ ಬಂದದ್ದೆಂದು ಒಪ್ಪಿಕೊಂಡಿತಲ್ಲ, ಅವೇ. ಹೆಸರು ಹೇಳದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ದೊಡ್ಡವರ ಉದಾಹರಣೆ.

ಈಗ ಬರೆಯಿರಿ

ಅಚ್ಚು ಬೇಕೆನ್ನುವವರಿಗೆ: ಎಲ್ಲಿಗೆ ಅಥವಾ ಯಾವ ಕೆಲಸಕ್ಕೆ, ಏನನ್ನು ಬಿಟ್ಟು, ಏನನ್ನು, ಯಾವ ಗುರುತಿನೊಂದಿಗೆ, ಮತ್ತು ಕೊನೆಗೆ ಕ್ರಿಯಾಪದ. ಒಂದೇ ಉಸಿರಿಗೆ ಓದಲು ಬರಬೇಕು. ಇಪ್ಪತ್ತು ಪದ ದಾಟಿದರೆ ಹೊಡೆದುಹಾಕಿ. ಏನನ್ನು ಬಿಡುತ್ತೀರಿ ಎನ್ನುವುದು ತಪ್ಪಬಾರದು, ಉಳಿದದ್ದು ಹಿಂದೆಮುಂದೆ ಆದರೂ ನಡೆಯುತ್ತದೆ.

ನನ್ನದು ಆರು ಸಲ ಬರೆದ ಮೇಲೆ ಹೀಗೆ ನಿಂತಿತು: ‘ರೈಲು ಹತ್ತಿ ಇಳಿಯಲು ಬರುವ, ಜೇಬಿರುವ ನೀಲಿ ಕೈಮಗ್ಗವನ್ನು ಲೇಸು ಗೊಂಡೆಗಳಿಲ್ಲದೆ ತೊಟ್ಟು, ಕಾಲಿಗೆ ಮಾತ್ರ ಒಳ್ಳೆಯ ಚರ್ಮ ಮೆಟ್ಟುತ್ತೇನೆ.’ ಗೊಂಡೆ ಎಲ್ಲಿಂದ ಬಂತೆಂದು ನಿಮಗೆ ಗೊತ್ತು. ಚೌಕುಳಿ ಅಂಗಿಯ ನಮ್ಮ ಮನೆಯವರದು: ‘ಸಣ್ಣ ಚೌಕುಳಿಯ ಅರ್ಧ ತೋಳಿನ ಅಂಗಿಯನ್ನು ಪ್ಯಾಂಟಿನೊಳಗೆ ಸಿಕ್ಕಿಸದೆ ತೊಡುತ್ತೇನೆ, ಟೈ ಒಲ್ಲೆ.’ ಐರೋಲಿಯ ಐಟಿ ಕಂಪನಿಗೆ ಹೋಗುವ ನನ್ನ ತಂಗಿಯ ಮಗನದು: ‘ಬರಹವಿಲ್ಲದ ಕಪ್ಪು ಟೀಷರ್ಟು, ಊರಿಗೆ ಹೋದಾಗ ಅದರ ಕೆಳಗೆ ಪಂಚೆ.’ ಕ್ರಿಯಾಪದವೇ ಇಲ್ಲ ಎಂದು ಗದರಿದೆ. ‘ಟೀಷರ್ಟಿಗೆ ಯಾವ ಕ್ರಿಯಾಪದ ದೊಡ್ಡಮ್ಮಾ?’ ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬಿಟ್ಟುಕೊಟ್ಟೆ.

ಇನ್ನು ಎರಡನೇ ವಿಂಗಿನಲ್ಲಿ ಹೋಟೆಲಿನ ಗಲ್ಲೆಯಲ್ಲಿ ನಲವತ್ತು ವರ್ಷ ಕೂತು ನಿವೃತ್ತರಾದ ಒಬ್ಬ ಹಿರಿಯರಿದ್ದಾರೆ. ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಂಡೆ: ‘ಬಿಳಿ ಬಿಟ್ಟು ಬೇರೆ ಉಟ್ಟರೆ ಗಿರಾಕಿ ನಮ್ಮನ್ನೇ ಮಾಣಿ ಅಂದ್ಕೋತಾನೆ.’ ವಾಕ್ಯದ ನಿಯಮ ಒಂದನ್ನೂ ಪಾಲಿಸದಿದ್ದರೂ ಇದರಲ್ಲಿ ಎಲ್ಲವೂ ಇದೆ.

ಮೂರು ಪರೀಕ್ಷೆ

ಮೊದಲನೆಯದು ರೈಲು. ಬೆಳಗಿನ ಎಂಟು ಗಂಟೆಯ ಫಾಸ್ಟ್ ಲೋಕಲ್ಲಿನಲ್ಲಿ ಡೊಂಬಿವಲಿಯಿಂದ ನಿಂತು ಹೋಗಿ ಕೊನೆಯ ಸ್ಟೇಷನ್ ಸಿಎಸ್‌ಎಂಟಿಯಲ್ಲಿ ಇಳಿದಾಗ ವಾಕ್ಯ ಇನ್ನೂ ನಿಜವಾಗಿರಬೇಕು. ‘ಗರಿಗರಿ ಗಂಜಿ ಹಾಕಿದ ಕಾಟನ್ ಸೀರೆ’ ಎಂದು ಬರೆದವರ ಗರಿ ಠಾಣೆಯ ಹೊತ್ತಿಗೆ ಮುಗಿದಿರುತ್ತದೆ. ಉದ್ದ ಝುಮುಕಿ ಬರೆದವರು ಇನ್ನೊಬ್ಬರ ಬ್ಯಾಗಿನ ಜಿಪ್ಪಿಗೆ ಸಿಕ್ಕಿಕೊಂಡು ಕಲಿಯುತ್ತಾರೆ. ಲೇಡೀಸ್ ಡಬ್ಬಿಯಲ್ಲಿ ಓಲೆ ಮಾರಲು ಬರುವವಳ ಹಲಗೆಯ ಮುಂದೆ ನಿಮ್ಮ ವಾಕ್ಯವನ್ನು ನೆನಪಿಸಿಕೊಳ್ಳಿ. ಹತ್ತಿಪ್ಪತ್ತು ರೂಪಾಯಿಯ ಓಲೆಗೆ ಬೇಡ ಅನ್ನಲು ಬಂದರೆ ಸಾವಿರದ ಸೀರೆಗೂ ಬರುತ್ತದೆ.

ಎರಡನೆಯದು ಮಳೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಈ ಊರಲ್ಲಿ ಎಲ್ಲರದೂ ಒಂದೇ ಶೈಲಿ: ಮಡಿಸಿದ ಪ್ಯಾಂಟು, ರಬ್ಬರ್ ಚಪ್ಪಲಿ. ದಪ್ಪ ಹತ್ತಿ ಫ್ಯಾನಿನ ಕೆಳಗೆ ಎರಡು ದಿನ ಹರಡಿದರೂ ಒಣಗದೆ ವಾಸನೆ ಹಿಡಿಯುತ್ತದೆ. ನಾನು ಮಳೆಗಾಲಕ್ಕೆ ವಾಕ್ಯವನ್ನು ಬದಲಿಸುವುದಿಲ್ಲ, ಒಂದು ಪದ ಮಾತ್ರ ಬದಲಿಸುತ್ತೇನೆ. ‘ಚರ್ಮ’ ಹೊಡೆದು ‘ರಬ್ಬರು’.

ಮೂರನೆಯದೇ ಅಸಲು ಪರೀಕ್ಷೆ, ಅಂಗಡಿ. ಸ್ವಲ್ಪ ಮಳೆ ಬಂದರೂ ನೀರು ನಿಂತು ಸುದ್ದಿಯಾಗುತ್ತಿದ್ದ ದಾದರಿನ ಹಿಂದ್‌ಮಾತಾ ಬಟ್ಟೆ ಮಾರ್ಕೆಟ್ಟಿಗೆ ಹೋಗಿ. ಕೈಯಲ್ಲಿ ದುಡ್ಡು ಇಟ್ಟುಕೊಳ್ಳದೆ ಹೋಗುವುದು ಒಳ್ಳೆಯದು. ಅಂಗಡಿಯವ ಹತ್ತು ಸೀರೆ ಬಿಡಿಸಿ ಹರಡುತ್ತಾನೆ. ಒಂದೊಂದಕ್ಕೂ ವಾಕ್ಯವನ್ನು ಮನಸ್ಸಿನಲ್ಲಿ ಓದಿಕೊಳ್ಳಿ. ಹತ್ತರಲ್ಲಿ ಎಂಟನ್ನಾದರೂ ವಾಕ್ಯವೇ ತಳ್ಳಿಹಾಕಬೇಕು. ಐದನ್ನು ಒಪ್ಪಿಕೊಂಡಿತೆಂದರೆ ಮನೆಗೆ ಬಂದು ಮತ್ತೆ ಬರೆಯಿರಿ, ಸಡಿಲವಾಗಿದೆ. ಹತ್ತನ್ನೂ ತಳ್ಳಿದರೆ ಬಿಗಿಯಾಗಿದೆ, ಒಂದು ‘ಮಾತ್ರ’ ತೆಗೆದುಹಾಕಿ. ನಾನು ಹೋದಾಗ ಒಂದು ಹಳದಿ ಸೀರೆ ಬಂತು. ಏಳು ಇರುವ ಮನೆಗೆ ಎಂಟನೆಯದು. ಅದರ ಅಂಚು ನೀಲಿ. ಅಂಚು ನೀಲಿ ಇದೆಯಲ್ಲ ಎಂದು ನನ್ನ ಜೊತೆ ನಾನೇ ವಾದಿಸಿದೆ. ವಾಕ್ಯದಲ್ಲಿ ಅಂಚಿನ ಮಾತಿರಲಿಲ್ಲ.

ಕೊನೆಗೆ ಇಡುವ ಜಾಗದ ವಿಷಯ. ಫೋನಿನಲ್ಲಿ ಇಟ್ಟರೆ ಹುಡುಕುವುದರೊಳಗೆ ಬಿಲ್ ಆಗಿರುತ್ತದೆ. ಕಪಾಟಿನ ಬಾಗಿಲ ಒಳಗೆ ಒಂದು ಚೀಟಿ, ಪರ್ಸಿನಲ್ಲಿ ಒಂದು. ಬರೆದ ತಾರೀಕು ಹಾಕಿ. ಕೆಲಸ ಬದಲಾದರೆ, ಹೆರಿಗೆಯಾದರೆ, ನಿವೃತ್ತಿಯಾದರೆ, ಮಂಡಿ ನೋವು ಶುರುವಾದರೆ ಇಸ್ತ್ರಿಯವನ ಲೆಕ್ಕದಿಂದ ಮತ್ತೆ ಶುರುಮಾಡಿ. ದರ್ಜಿಗೆ ಕೊಡುವುದಕ್ಕೆ ಬೇರೆ ಚೀಟಿ ಬೇಕು. ನಮ್ಮ ಗಲ್ಲಿಯವರಿಗೆ ಕನ್ನಡ ಬರುವುದಿಲ್ಲ, ನನ್ನ ಹಿಂದಿಯಲ್ಲಿ ಗೊಂಡೆಗೆ ಪದವಿಲ್ಲ. ಅದಕ್ಕೇ ಆ ಹಳೇ ಕುರ್ತಾದ ಬೆನ್ನಿನ ದಾರವನ್ನು ಗೊಂಡೆ ಸಮೇತ ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಬಟ್ಟೆ ಕೊಡುವಾಗ ಅದನ್ನು ತೆಗೆದು ತೋರಿಸಿ ತಲೆ ಅಡ್ಡ ಆಡಿಸುತ್ತೇನೆ. ಅವರು ನಕ್ಕು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ರಸೀದಿಯ ಹಿಂದೆ ‘ಜೇಬ್’ ಎಂದಷ್ಟೇ ಬರೆದುಕೊಳ್ಳುತ್ತಾರೆ.